ಗಿಡಕ್ಕೆ ಹಿಡಿದ ಸೂತಕ

ಮಾಯಮ್ಮನ ಜೊತೆ ವಾಕಿಂಗ್ ಹೋಗುವುದೆಂದರೆ ಕುರಿಯಿಲ್ಲದೆ ಕುರಿ ಮೇಯಿಸಲು ಹೋದ ಹಾಗೆ. ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲುತ್ತಾಳೆ. ಯಾರದೋ ಕಾಂಪೌಂಡಿನಿಂದ ಹೊರಗೆ ಚಾಚಿದ ಕೊಂಬೆಯ ಎಲೆ ಕಿತ್ತು, ಬೆರಳಲ್ಲಿ ಉಜ್ಜಿ, ಮೂಗಿಗೆ ಹಿಡಿಯುತ್ತಾಳೆ. ಆಮೇಲೆ ತೀರ್ಪು. ಅವಳ ತೀರ್ಪು ಎರಡೇ ಬಗೆ: "ತಿಂತದೆ", ಇಲ್ಲವೇ "ತಿನ್ನಾಕಿಲ್ಲ". ಕುರಿ ಬಾಯಿ ಹಾಕದ ಗಿಡವನ್ನು ಮನುಷ್ಯರು ಯಾಕೆ ನೆಡುತ್ತಾರೆ ಎಂಬುದು ಈ ವಯಸ್ಸಿಗೂ ಅವಳಿಗೆ ಅರ್ಥವಾಗಿಲ್ಲ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರು, ಎಲ್ಲಿ ನಡೆಯಬೇಕೆಂದು ಹೇಳಲಿಲ್ಲ. ರಾಮನಗರದ ನಮ್ಮ ಬೀದಿಯಲ್ಲಿ ನಡೆಯಲು ಹೋದರೆ ಒಂದು ಕಾಲು ಚರಂಡಿಯಲ್ಲಿ, ಇನ್ನೊಂದು ಸ್ಕೂಟರಿನ ಚಕ್ರದಡಿ. ಹಾಗಾಗಿ ಹೈವೇ ದಾಟಿ, ಗುಡ್ಡದ ಬುಡದಲ್ಲಿ ಎದ್ದಿರುವ ಹೊಸ ವಿಲ್ಲಾ ಲೇಔಟಿಗೆ ಹೋಗುತ್ತೇವೆ. ಅಲ್ಲಿಯ ಗೇಟಿನಲ್ಲಿ ಸೆಕ್ಯುರಿಟಿಯಾಗಿ ಕೂತಿರುವ ಬೋರಲಿಂಗಯ್ಯ ಕನಕಪುರದ ಕಡೆಯವನು. ಹಾರೋಹಳ್ಳಿಯ ಕಾರ್ಖಾನೆಗಳಲ್ಲಿ ಬೆನ್ನು ಸವೆಸಿ, ಕೊನೆಗೂ ಒಂದು ಕುರ್ಚಿ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿರುವವನು. ಮೊದಲ ದಿನ ನಮ್ಮನ್ನು ತಡೆದು, "ಯಾವ ಮನೆ ಕೆಲ್ಸಕ್ಕವ್ವ?" ಎಂದು ಕೇಳಿದ. "ನಡಿಯೋ ಕೆಲ್ಸಕ್ಕೆ" ಅಂದೆ ನಾನು. ನಕ್ಕು ಗೇಟು ತೆಗೆದ. ಅಂದಿನಿಂದ ಕೇಳಿಲ್ಲ.

ಆ ಲೇಔಟಿನ ತೋಟಗಳನ್ನು ನೋಡಿದರೆ ನನಗೆ ಸಿಟ್ಟೂ ಬರುತ್ತದೆ, ಕಣ್ಣು ಕೀಳಲೂ ಆಗುವುದಿಲ್ಲ. ಮೊದಲು ಅಲ್ಲಿದ್ದ ಬಂಡೆಗಳನ್ನು ಸಿಡಿಸಿ ನೆಲ ಮಟ್ಟ ಮಾಡಿದರು. ಮಟ್ಟ ಮಾಡಿದ ಮೇಲೆ ಬೇರೆಲ್ಲಿಂದಲೋ ಲಾರಿಯಲ್ಲಿ ಬಂಡೆ ತರಿಸಿ ಹುಲ್ಲಿನ ನಡುವೆ ಅಂದಕ್ಕೆಂದು ಇಟ್ಟರು. ಇದ್ದ ಹೊಂಗೆಗಳನ್ನು ಕಡಿದು, ಒಂದು ಬೆಕ್ಕಿಗೂ ನೆರಳು ಕೊಡದ ಪಾಮ್ ಮರಗಳನ್ನು ಸಾಲಾಗಿ ನಿಲ್ಲಿಸಿದರು. ಗಿಡಗಳನ್ನೆಲ್ಲ ಕತ್ತರಿಸಿ ದುಂಡಗೆ ಚೆಂಡಿನ ಹಾಗೆ ಮಾಡಿದ್ದಾರೆ. ಅದನ್ನು ಮೊದಲ ಸಲ ಕಂಡಾಗ ಮಾಯಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತು, "ಉಣ್ಣೆ ಕತ್ರಿಸೋನ್ನ ಕರ್ಸವ್ರೆ ಕಣ್ ಬೂಬಮ್ಮ" ಅಂದಳು. ನನಗೆ ನಗು ತಡೆಯಲಾಗದೆ ಅಲ್ಲೇ ಫುಟ್‌ಪಾತಿನ ಕಲ್ಲಿನ ಮೇಲೆ ಕೂತುಬಿಟ್ಟೆ.

ಬೂಬಮ್ಮ ಎಂದರೆ ನಾನು. ನನ್ನ ಹೆಸರು ಕೆಹಕಶಾನ್. ಅದನ್ನು ಹೇಳಿ ನಾಲಿಗೆ ನೋಯಿಸಿಕೊಳ್ಳುವ ಗೋಜಿಗೆ ಮಾಯಮ್ಮ ಹೋಗಲೇ ಇಲ್ಲ. ನಮ್ಮ ಮನೆಯ ಹಿತ್ತಲಲ್ಲಿ ರೇಷ್ಮೆ ರೀಲಿಂಗ್ ಇದ್ದ ಕಾಲದಲ್ಲಿ ಅವಳು ಕೆಲಸಕ್ಕೆ ಬಂದಳು. ಗಂಡ ಲಕ್ಕಯ್ಯ ಚನ್ನಪಟ್ಟಣದಲ್ಲಿ ಬೊಂಬೆಗೆ ಬಣ್ಣದ ಅರಗು ಹಿಡಿಯುತ್ತಿದ್ದವನು, ಮದುವೆಯಾದ ಕೆಲವೇ ವರ್ಷಕ್ಕೆ ತೀರಿಹೋಗಿದ್ದ. ಮಕ್ಕಳಿರಲಿಲ್ಲ. ಬಂದ ದಿನವೇ ನನ್ನನ್ನು ಬೂಬಮ್ಮ ಅಂದಳು. ನಾನಾಗ ಹೊಸ ಸೊಸೆ, ಮುದುಕಿಯರನ್ನು ಕರೆಯುವ ಹೆಸರಿನಿಂದ ನನ್ನನ್ನು ಕರೆದಳಲ್ಲ ಎಂದು ಉರಿದುಹೋಗಿತ್ತು. ಈಗ ಆ ಹೆಸರಿಗೆ ತಕ್ಕ ವಯಸ್ಸಾಗಿದೆ. ರೀಲಿಂಗ್ ಮುಚ್ಚಿ ಎಷ್ಟೋ ಕಾಲವಾಯಿತು. ಬಿಸಿನೀರಿನಲ್ಲಿ ಗೂಡು ತಿರುವಿ ತಿರುವಿ ಬಿಳಿಚಿಹೋದ ಅವಳ ಬೆರಳುಗಳು ಮಾತ್ರ ಹಾಗೇ ಇವೆ. ನಮ್ಮ ಬೀದಿಯ ಹಿಂದೆಯೇ ಒಂದು ಕೋಣೆ ಹಿಡಿದು ಒಬ್ಬಳೇ ಇದ್ದಾಳೆ.

ಒಬ್ಬಳೇ ಅಂದೆನಲ್ಲ, ಅದು ಪೂರ್ತಿ ಸರಿಯಲ್ಲ. ಅವಳಿಗೊಬ್ಬ ತಮ್ಮ, ಚಿಕ್ಕರಾಜು. ಸಾವನದುರ್ಗದ ತಪ್ಪಲಿನ ಒಂದು ಹಟ್ಟಿಯಲ್ಲಿ ಒಂದಿಷ್ಟು ಹೊಲ, ಒಂದು ಮಂದೆ ಕುರಿ ಇಟ್ಟುಕೊಂಡಿದ್ದಾನೆ. ಹೆಂಡತಿ ಬೋರಮ್ಮ. ತಿಂಗಳಿಗೊಮ್ಮೆ ಅಕ್ಕನಿಗೆ ರಾಗಿಯೋ ಕಾಳೋ ಹೊತ್ತು ತರುತ್ತಾನೆ. ಅವನು ಬರುವ ದಿನ ಮಾಯಮ್ಮ ವಾಕಿಂಗಿಗೆ ಬರುವುದಿಲ್ಲ. ಬಂದರೂ ಮನಸ್ಸು ಬಾಗಿಲ ಕಡೆಗೇ ಇರುತ್ತದೆ. ನಾನು ಅದಕ್ಕೆ ಅವಳನ್ನು ಎಷ್ಟು ರೇಗಿಸಿದ್ದೇನೋ ಲೆಕ್ಕವಿಲ್ಲ.

ರೇಗಿಸಿದರೂ ಕಾರಣ ನನಗೆ ಗೊತ್ತಿತ್ತು. ಅವರ ತಾಯಿ ಸತ್ತಾಗ ಮಾಯಮ್ಮ ಇನ್ನೂ ಲಂಗ ತೊಡುವ ಹುಡುಗಿ, ಚಿಕ್ಕರಾಜು ಅಂಬೆಗಾಲಿಡುವ ಮಗು. ಅಪ್ಪ ಮಂದೆ ಹೊಡೆದುಕೊಂಡು ಊರೂರು ತಿರುಗುವವನು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಕುರಿ ಕಾದು, ಗಂಜಿ ಕುಡಿಸಿ, ಬೆಳೆಸಿದವಳು ಇವಳೇ. ಅವರಲ್ಲಿ ಸತ್ತವರನ್ನು ಸುಡುವುದಿಲ್ಲ, ತಮ್ಮ ಹೊಲದ ಅಂಚಿನಲ್ಲೇ ಹೂಳುತ್ತಾರೆ. ಹೂತ ಮೇಲೆ ತಲೆಯ ಕಡೆಗೆ ದೇವಕಣಗಿಲೆಯ ಒಂದು ಕೊಂಬೆ ಊರುವುದು ಅವಳ ಮನೆತನದ ವಾಡಿಕೆ. ಬಿಳಿ ಹೂವಿನ ಆ ಗಿಡವನ್ನು ನಾವು ಗುಲ್‌ಚೀನ್ ಅನ್ನುತ್ತೇವೆ, ನಮ್ಮ ಖಬರಸ್ತಾನದಲ್ಲೂ ಇದೆ. ತಾಯಿಯ ತಲೆಯ ಕಡೆ ಆ ಕೊಂಬೆ ಊರಿದವಳು ಮಾಯಮ್ಮ.

ಊರಿದ ಎರಡನೆಯ ವರ್ಷ ಒಂದು ಟಗರು ಕೊಂಬು ಉಜ್ಜಿ ಅದರ ಸಿಪ್ಪೆ ಸುಲಿದುಬಿಟ್ಟಿತಂತೆ. ಗಿಡ ಸತ್ತುಹೋಗುತ್ತದೆಂದು ಹೆದರಿ, ಗಾಯಕ್ಕೆ ಸಗಣಿ ಮೆತ್ತಿ, ಕಂಬಳಿಯ ಚೂರು ಸುತ್ತಿ, ಕರಿ ಉಣ್ಣೆಯ ಹುರಿಯಿಂದ ಬಿಗಿಯಾಗಿ ಕಟ್ಟಿದಳು. ಆಮೇಲೆ ಬಿಚ್ಚುವುದನ್ನು ಮರೆತಳು. ಕಾಂಡ ದಪ್ಪವಾಗುತ್ತ ಹುರಿಯನ್ನು ನುಂಗಿಕೊಂಡಿತು. ಉಡಿದಾರ ಕಟ್ಟಿದ ಮಗುವಿನ ಸೊಂಟದ ಹಾಗೆ ನಡುವಿನಲ್ಲೊಂದು ತೋಡು ಉಳಿಯಿತು. ಚಿಕ್ಕರಾಜು ಅವ್ವ ಬೇಕೆಂದು ಹಟ ಹಿಡಿದಾಗಲೆಲ್ಲ ಅವನನ್ನು ಆ ಗಿಡದ ಬುಡದಲ್ಲಿ ನಿಲ್ಲಿಸಿ, "ಇಲ್ಲೇ ಅವ್ಳೆ ನೋಡು" ಅನ್ನುತ್ತಿದ್ದಳು. ಅವನು ಕಾಂಡ ತಬ್ಬಿಕೊಂಡು ಸುಮ್ಮನಾಗುತ್ತಿದ್ದ. ಒಮ್ಮೆ ಎಲೆ ಮುರಿದಾಗ ಹಾಲು ಸುರಿದದ್ದನ್ನು ನೋಡಿ ಬಾಯಿಗೆ ಹಚ್ಚಿಕೊಂಡು ತುಟಿ ಊದಿಸಿಕೊಂಡಿದ್ದನಂತೆ. ಇದನ್ನು ಮಾಯಮ್ಮ ನನಗೆ ಎಷ್ಟು ಸಲ ಹೇಳಿದ್ದಾಳೆಂದರೆ, ಆ ಗಿಡವನ್ನು ನಾನು ಕಣ್ಣಾರೆ ಕಾಣದಿದ್ದರೂ ನನ್ನದೇ ನೆಂಟರ ಪೈಕಿ ಯಾರೋ ಎನ್ನಿಸಿಬಿಟ್ಟಿತ್ತು.

ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ನಾವಿಬ್ಬರೂ ಅವಳ ಕೋಣೆಯ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆವು. ಚಿಕ್ಕರಾಜು ಬಂದ. ಹೆಗಲ ಮೇಲೆ ಕಂಬಳಿ, ಮೊಣಕಾಲವರೆಗೂ ಕೆಮ್ಮಣ್ಣು. ಕೈಯಲ್ಲಿ ಯಾವಾಗಿನಂತೆ ಚೀಲವಿರಲಿಲ್ಲ. ಹೊಸ್ತಿಲ ಹೊರಗೇ ನಿಂತ.

"ಅಕ್ಕ, ಅವ್ವನ್ ಗಿಡ ಹೋಯ್ತು" ಅಂದ.

ಮಾಯಮ್ಮನ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು.

"ಬುಡಕ್ಕೆ ಗೆದ್ಲು ಹಿಡ್ದಿತ್ತು ಕಣಕ್ಕ. ನಂಗೂ ಗೊತ್ತಾಗ್ನಿಲ್ಲ. ಒರಗ್ಬುಡ್ತು. ಬೇರೇರ್ ಕೈಗೆ ಸಿಗಬಾರ್ದು ಅಂತ ನಾನೇ ಕಡ್ದು, ಸುಟ್ಟು, ಬೂದಿನ ಮಂಚನಬೆಲೆ ಡ್ಯಾಮ್ ನೀರ್ಗೆ ಬುಟ್ಟು ಬಂದೆ."

ಹೇಳುತ್ತ ಅತ್ತ. ನಾಟಕದ ಅಳುವಲ್ಲ, ನಿಜವಾಗಿಯೂ ಕಣ್ಣೀರು ಬಂತು, ನಾನೇ ನೋಡಿದ್ದೇನೆ. ಮಾಯಮ್ಮ ಎದ್ದು ಒಂದು ಬಕೆಟ್ ನೀರು ತಂದಳು. ಯಾವಾಗಲೂ ಕಾಲು ತೊಳೆಯಲು ಚೊಂಬು ಕೊಟ್ಟು ಸುಮ್ಮನಾಗುವವಳು ಅವತ್ತು ತಾನೇ ಕುಕ್ಕರಗಾಲಲ್ಲಿ ಕೂತು, ತಮ್ಮನ ಕಾಲಿನ ಮಣ್ಣನ್ನು ಕೈಯಿಂದ ಉಜ್ಜಿ ಉಜ್ಜಿ ತೊಳೆದಳು. "ಒಬ್ನೇ ಮಾಡ್ದೇನ್ಲಾ ಎಲ್ಲಾನೂವೆ? ನನ್ನ ಕರೀಬಾರ್ದಾಗಿತ್ತ?" ಎಂದು ಮಾತ್ರ ಕೇಳಿದಳು. ಅವನು ತಲೆ ತಗ್ಗಿಸಿದ.

ಅವನು ಹೋದ ಮೇಲೆ ತಣ್ಣೀರನ್ನೇ ತಲೆಯ ಮೇಲೆ ಸುರಿದುಕೊಂಡಳು. ಆ ಸಂಜೆ ದೇವರ ಮುಂದೆ ದೀಪ ಹಚ್ಚಲಿಲ್ಲ. ಮಾರನೆಯ ದಿನವೂ ಇಲ್ಲ. ಬಾಗಿಲ ಮುಂದೆ ರಂಗೋಲಿಯಿಲ್ಲ, ವಾಕಿಂಗಿಲ್ಲ, ಯಾರ ಮನೆಯ ಹೊಸ್ತಿಲನ್ನೂ ತುಳಿಯಲಿಲ್ಲ. ನಾನು ಅವಳ ಕಿಟಕಿಯ ಹೊರಗೆ ನಿಂತು, "ಏನ್ ಮಾಯಮ್ಮ, ಗಿಡಕ್ಕೂ ಸೂತಕನಾ?" ಅಂದೆ.

"ಅವ್ವ ಸತ್ತಾಗ ನಾ ಸೂತ್ಕ ಹಿಡೀಲೇ ಇಲ್ಲ ಬೂಬಮ್ಮ" ಅಂದಳು. "ಮಗೀನ ಸುಧಾರಿಸೋದ್ರಲ್ಲೇ ಆಗೋಯ್ತು. ಅಳಕ್ಕೂ ಪುರಸೊತ್ತಿರ್ನಿಲ್ಲ. ಈಗ ಹಿಡೀತೀನಿ."

ಹನ್ನೊಂದನೆಯ ದಿನ ಮನೆ ಸಾರಿಸಿ, ತಾಯಿಗೆ ಇಷ್ಟವಾದದ್ದನ್ನೆಲ್ಲ ಮಾಡಿದಳು. ಮುದ್ದೆ, ಹಿತಕಿದ ಅವರೆಬೇಳೆ ಸಾರು, ಬೆಲ್ಲದ ಪಾಯಸ. ಚಿಕ್ಕರಾಜುವನ್ನೂ ಬೋರಮ್ಮನನ್ನೂ ಕರೆಸಿದಳು. ಎಡೆ ಇಟ್ಟಾದ ಮೇಲೆ ತಮ್ಮನಿಗೆ ಮೊದಲು ಬಡಿಸಿದಳು. ಅವನು ತಲೆಯೆತ್ತದೆ ಉಂಡ. ಬೋರಮ್ಮ ಸಾರಿನಲ್ಲಿ ಬೆರಳಾಡಿಸುತ್ತ ಕೂತಿದ್ದಳು. ದುಃಖ ಇರಬೇಕು ಎಂದುಕೊಂಡೆ. ನನ್ನ ಮನೆಗೂ ಒಂದು ಡಬ್ಬಿ ಪಾಯಸ ಬಂತು, ನಾನೂ ತಿಂದೆ.

ಅದಾದ ಮೇಲೆ ನಮ್ಮ ವಾಕಿಂಗ್ ಮತ್ತೆ ಶುರುವಾಯಿತು. ಅಷ್ಟರಲ್ಲಿ ಲೇಔಟಿನ ಮೂಲೆಯ ದೊಡ್ಡ ವಿಲ್ಲಾದ ಅಂಗಳ ಸಿದ್ಧವಾಗಿತ್ತು. ಸಾಕಷ್ಟು ಬೆಳೆದ ಮರವೊಂದನ್ನು ಎಲ್ಲಿಂದಲೋ ಬೇರುಸಮೇತ ತಂದು ಮುಂಬಾಗಿಲಿನ ಎದುರಿಗೆ ನಿಲ್ಲಿಸಿದ್ದರು. ಒಂದೂ ಎಲೆಯಿಲ್ಲ. ಬುಡದಿಂದ ಕೊಂಬೆಯವರೆಗೆ ಗೋಣಿತಾಟು ಸುತ್ತಿ, ಮೂರು ಕಡೆ ಬಿದಿರಿನ ಗಳ ಊರಿ, ಸುತ್ತ ಬಿಳಿ ಬೆಣಚುಕಲ್ಲು ಹರಡಿದ್ದರು. ಬುಡಕ್ಕೆ ಲೈಟು ಬೇರೆ.

"ಆಸ್ಪತ್ರೆಯಿಂದ ಮುದುಕೀನ ಕರ್ಕಬಂದು ಕೂರ್ಸ್ದಂಗೈತೆ" ಅಂದಳು ಮಾಯಮ್ಮ. ಕೊಂಬೆಯ ತುದಿಗಳನ್ನು ನೋಡಿ, "ದೇವಕಣಗಿಲೆ ಕಣ್ ಬೂಬಮ್ಮ. ಸಮಾಧಿ ಗಿಡಾನ ಬಾಕ್ಲಿಗೇ ತಂದು ಮಡಿಕಂಡವ್ರಲ್ಲ, ಹೇಳೋರು ಕೇಳೋರು ಯಾರೂ ಇಲ್ವಾ ಇವ್ರಿಗೆ?"

"ಅವರಿಗೆ ಅದೇ ಶೋಕಿ" ಅಂದೆ. "ನಾಳೆ ಗೋರಿ ಕಲ್ಲನ್ನೂ ತಂದು ಬೆಂಚು ಮಾಡ್ಕೊಂಡಾರು."

ಇಬ್ಬರೂ ನಕ್ಕೆವು. ಈಗ ನೆನೆಸಿಕೊಂಡರೆ ಆ ಮಾತು ಆಡಬಾರದಿತ್ತು ಎನ್ನಿಸುತ್ತದೆ. ಆದರೆ ಅವತ್ತು ನಕ್ಕದ್ದು ನಿಜ.

ತನ್ನ ಗಿಡ ಸತ್ತಿದ್ದರಿಂದಲೋ ಏನೋ, ಆ ಗಿಡದ ಮೇಲೆ ಅವಳಿಗೆ ಮಮತೆ ಹುಟ್ಟಿತು. ಬೇರೆ ಗಿಡಗಳ ಮುಂದೆ ತಿಂತದೆ, ತಿನ್ನಾಕಿಲ್ಲ ಎಂದು ಹೇಳಿಕೊಂಡು ಬಂದವಳು ಅಲ್ಲಿ ಸುಮ್ಮನೆ ನಿಲ್ಲುತ್ತಿದ್ದಳು. ಮನೆಯವರು ಬೆಂಗಳೂರಿನವರು, ಅಪರೂಪಕ್ಕೆ ಬರುವವರು. ಗಿಡಕ್ಕೆ ದಿನಕ್ಕೊಂದು ಸಲ ಪೈಪಿನಲ್ಲಿ ನೀರು ಬಿಡುತ್ತಿದ್ದವನು ಬೋರಲಿಂಗಯ್ಯನೇ. ಇನ್ನಷ್ಟು ಬಿಡು ಎಂದು ಮಾಯಮ್ಮ ಅವನ ಬೆನ್ನು ಹತ್ತುತ್ತಿದ್ದಳು, ದೇವಕಣಗಿಲೆಗೆ ಅಷ್ಟು ನೀರು ಬೇಡವವ್ವ, ಕೊಳೆಯುತ್ತದೆ ಎಂದು ಅವನು ಗದರುತ್ತಿದ್ದ. ಅವನು ಹೇಳಿದ್ದೇ ಸರಿಯಾಗಿತ್ತು. ಬೇಸಿಗೆ ಏರುತ್ತಿದ್ದಂತೆ ಕೊಂಬೆಯ ತುದಿಗಳಲ್ಲಿ ಹಸಿರು ಕಂಡಿತು, ಆಮೇಲೆ ಮೊಗ್ಗಿನ ಗೊಂಚಲು. ಮೊದಲ ಹೂ ಬಿಟ್ಟ ದಿನ ಮಾಯಮ್ಮ ತನ್ನ ಮನೆಯಲ್ಲೇ ಹೆರಿಗೆಯಾದಷ್ಟು ಖುಷಿಪಟ್ಟಳು. "ಬದಿಕಂಡ್ಳು ಬುಡು" ಎಂದು ದಾರಿಯುದ್ದಕ್ಕೂ ಹೇಳಿದಳು.

ಒಂದು ಬೆಳಿಗ್ಗೆ ಹೋದಾಗ ಗೋಣಿತಾಟು ತೆಗೆದಿದ್ದರು.

ನಾನು ಏನೋ ಮಾತಾಡುತ್ತ ಮುಂದೆ ಹೋಗಿಬಿಟ್ಟಿದ್ದೆ. ಪಕ್ಕದಲ್ಲಿ ಯಾರೂ ಇಲ್ಲವೆಂದು ತಿರುಗಿ ನೋಡಿದರೆ ಮಾಯಮ್ಮ ಚಪ್ಪಲಿ ಬಿಟ್ಟು, ಕಂಬಿ ದಾಟಿ, ಹುಲ್ಲಿನ ಮೇಲೆ ನಡೆದುಹೋಗುತ್ತಿದ್ದಳು. ಬೋರಲಿಂಗಯ್ಯ ಗೇಟಿನಿಂದ ಕೂಗುತ್ತ ಓಡಿ ಬಂದ. ಅವಳಿಗೆ ಕೇಳಿಸಲಿಲ್ಲ. ಬೆಣಚುಕಲ್ಲು ತುಳಿದು ಗಿಡದ ಹತ್ತಿರ ಹೋಗಿ ನಿಂತಳು. ಕಾಂಡದ ನಡುವಿನಲ್ಲಿ ಒಂದು ತೋಡು, ಸುತ್ತಲೂ. ಅವಳು ಅದರೊಳಗೆ ಬೆರಳಿಟ್ಟು ಸವರುತ್ತ ಒಂದು ಸುತ್ತು ಬಂದಳು. ಒಂದು ಕಡೆ ಉಗುರಿನಿಂದ ಕೆರೆದಳು. ಕರಿ ಎಳೆಯೊಂದು ಈಚೆ ಬಂತು. ಅದನ್ನು ಎರಡು ಬೆರಳಲ್ಲಿ ಹಿಡಿದು ನನಗೆ ತೋರಿಸಿದಳು.

"ಉಣ್ಣೆ" ಅಂದಳು. "ಇದು ನಾ ಕಟ್ಟಿದ್ ಹುರಿ ಬೂಬಮ್ಮ."

ಬೋರಲಿಂಗಯ್ಯ ಬೈಯಲು ಬಂದವನು ಅವಳ ಮುಖ ನೋಡಿ ಎರಡು ಹೆಜ್ಜೆ ಹಿಂದೆ ಸರಿದ. ಈ ಗಿಡ ಎಲ್ಲಿಂದ ಬಂತು ಎಂದು ನಾನೇ ಕೇಳಿದೆ.

"ಮಾಗಡಿ ಕಡೆದು. ಸಾವನದುರ್ಗದ ಕೆಳಗ್ಲದು ಅಂದ್ರು. ಕಂಟ್ರಾಕ್ಟ್ರು ಲಾರೀಲಿ ತಂದ್ರು, ಕ್ರೇನಲ್ಲಿ ಇಳಿಸಿದ್ರು. ಯಾಕವ್ವ?"

"ಜೊತೇಲಿ ಯಾರಾರ ಬಂದಿದ್ರಾ?" ಮಾಯಮ್ಮ ಗಿಡದ ಕಡೆಗೇ ನೋಡುತ್ತ ಕೇಳಿದಳು.

"ಗಿಡದೋನೇ ಬಂದಿದ್ದ. ಹೆಗಲ್ ಮ್ಯಾಲೆ ಕಂಬ್ಳಿ. ಒಳ್ಳೆ ಮನ್ಸ ಕಣವ್ವ. ಹೊಲದಲ್ಲಿ ಯಾವ್ ಕಡೆ ಮಕ ಮಾಡ್ಕಂಡಿತ್ತೋ ಅಂಗೇ ಇರ್ಬೇಕು ಅಂತ ಕ್ರೇನೋನ ಜೊತೆ ಜಗಳ ಆಡಿ ತಿರುಗಿಸ್ದ. ಆಳುಗಳ ಜೊತೆ ತಾನೂ ಗುಂಡಿಗಿಳ್ದು ಮಣ್ಣೆಳ್ದ. ಒಂದು ಕಾಯಿನೂ ಒಡ್ದ. ಆಮ್ಯಾಕೆ, ಇಲ್ಲೇ ನಮ್ಮಕ್ಕನ್ ಮನೆ ಐತೆ, ಒಸಿ ಹೋಗ್ಬತ್ತೀನಿ ಅಂತ ನಡ್ಕೊಂಡೇ ಹೋದ. ಸಂಕ್ರಾಂತಿ ಆಗಿ ನಾಕ್ ದಿನ ಆಗಿತ್ತೇನೋ."

ಮಾಯಮ್ಮ ತನ್ನ ಎರಡು ಅಂಗೈಗಳನ್ನೂ ನೋಡಿಕೊಂಡಳು.

"ಅವತ್ತೇ ಬಂದಿದ್ದು" ಅಂದಳು. "ಕಾಲ್ ತೊಳ್ದೆನಲ್ಲ ನಾನು."

ಸುಟ್ಟು ಬಂದವನ ಮೈಮೇಲೆ ಬೂದಿ ಇರಬೇಕಿತ್ತು, ಹೊಗೆಯ ವಾಸನೆ ಇರಬೇಕಿತ್ತು. ಇದ್ದದ್ದು ಹಸಿ ಕೆಮ್ಮಣ್ಣು. ತರಕಾರಿಯವನು ತೂಕದಲ್ಲಿ ಕೂದಲೆಳೆಯಷ್ಟು ಮೋಸ ಮಾಡಿದರೂ ಹಿಡಿಯುವ ನನಗೆ ಅದು ಹೊಳೆಯಲಿಲ್ಲ. ತಮ್ಮ ಬಂದು ತಾಯಿಯ ಗಿಡ ಸತ್ತಿತೆಂದು ಅಳುವಾಗ ಯಾರು ಬೂದಿ ಹುಡುಕುತ್ತಾರೆ?

ಮೋಸ ಹೋದವರು ಕೂಗಾಡುತ್ತಾರೆ ಎಂದುಕೊಂಡಿದ್ದೆ. ನಾನಾಗಿದ್ದರೆ ಅಲ್ಲಿಂದಲೇ ಫೋನ್ ಮಾಡಿ ಅವನ ಏಳು ತಲೆಮಾರನ್ನು ಎಳೆದಾಡುತ್ತಿದ್ದೆ. ಮಾಯಮ್ಮನಿಗೆ ಬಂದದ್ದು ನಾಚಿಕೆ, ಆಮೇಲೆ ಭಯ. ಮನೆಗೆ ಬಂದು ಗೋಡೆಗೆ ಒರಗಿ ಕೂತು, "ಬದ್ಕಿರೋಳಿಗೆ ತಿಥಿ ಮಾಡ್ಬುಟ್ನಲ್ಲ ಬೂಬಮ್ಮ" ಅಂದಳು. "ಉಸಿರಾಡೋ ಗಿಡಕ್ಕೆ ಎಡೆ ಇಕ್ಬುಟ್ಟೆ. ಎಂಥ ಅಪಚಾರ ಮಾಡಿಸ್ಬುಟ್ಟ ನನ್ ಕೈಲಿ." ಅದು ಅವಳ ಮನಸ್ಸನ್ನು ಕೊರೆಯಿತು. ಅವನು ಗಿಡ ಮಾರಿದ್ದು ಒಂದು ಕಡೆ, ಅವಳನ್ನು ಹನ್ನೊಂದು ದಿನ ಸೂತಕದಲ್ಲಿ ಕೂರಿಸಿ, ಕೊನೆಯ ದಿನ ಬಂದು ಎದುರಿಗೆ ಕೂತು ಉಂಡದ್ದು ಇನ್ನೊಂದು ಕಡೆ. ಒಂದು ಮಾತು ಹೇಳಿದ್ದರೆ ಸಾಕಿತ್ತು, ತಣ್ಣೀರು ಸುರಿದುಕೊಳ್ಳುವ ಮುಂಚೆ.

ಅವಳು ಕೆಲವು ದಿನ ಲೇಔಟಿನ ಕಡೆ ಬರಲಿಲ್ಲ. ನಾನೊಬ್ಬಳೇ ಹೋಗಿ ಬೋರಲಿಂಗಯ್ಯನನ್ನು ಹಿಡಿದುಕೊಂಡೆ. ಮನೆಯವರ ನಂಬರು ಕೊಡು, ಮಾತಾಡುತ್ತೇನೆ, ಗಿಡ ವಾಪಸ್ ಕಳಿಸಲಿ ಅಂದೆ. ಅವನು ತಲೆಯಲ್ಲಾಡಿಸಿದ. ಗಿಡ ಈಗಷ್ಟೇ ಬೇರು ಬಿಟ್ಟಿದೆ, ಇನ್ನೊಮ್ಮೆ ಕಿತ್ತರೆ ಉಳಿಯುವುದಿಲ್ಲ ಎಂದು ಕಂಟ್ರಾಕ್ಟರ ಆಳುಗಳೇ ಹೇಳಿದ್ದರಂತೆ. ನಾನು ಅದನ್ನು ಬಂದು ಹೇಳಿದೆ.

"ಬ್ಯಾಡ ಬುಡು" ಅಂದಳು ಮಾಯಮ್ಮ. "ಹೂ ಬುಟ್ಟವ್ಳೆ, ಅಲ್ಲೇ ಇರ್ಲಿ. ಗಿಡದ್ ಚಿಂತೆ ಅಲ್ಲ ಈಗ ನಂಗೆ. ಅಷ್ಟು ದೊಡ್ಡ ಗಿಡ ಕೀಳ್ಬೇಕು ಅಂದ್ರೆ ಎಷ್ಟು ಆಳ ತೋಡಿರ್ತಾರೆ? ಅವ್ವನ ತಲೆ ಕಡೆ ಅದು. ಅವ್ವ ಈಗ ಎಲ್ಲವ್ಳೆ ಅಂತ ನಂಗೆ ಗೊತ್ತಾಗ್ಬೇಕು."

ಅದು ಗೊತ್ತಿದ್ದವನು ಒಬ್ಬನೇ, ಚಿಕ್ಕರಾಜು. ಮಾರನೆಯ ದಿನ ಇಬ್ಬರೂ ಮಾಗಡಿ ಬಸ್ಸು ಹತ್ತಿದೆವು.

ಸಾವನದುರ್ಗದ ಬಂಡೆ ದಾರಿಯುದ್ದಕ್ಕೂ ಕಾಣುತ್ತಿತ್ತು. ಪ್ರವಾಸಿಗರ ಕಾರುಗಳು ನಮ್ಮ ಬಸ್ಸನ್ನು ಹಿಂದೆ ಹಾಕಿ ಹೋಗುತ್ತಿದ್ದವು. ಮಾಯಮ್ಮ ಕಿಟಕಿಯ ಪಕ್ಕ ಕೂತಿದ್ದರೂ ಒಂದು ಗಿಡದ ಕಡೆಗೂ ನೋಡಲಿಲ್ಲ. ಬಸ್ಸಿಳಿದು ಹಟ್ಟಿಯ ಕಡೆ ನಡೆಯುವಾಗ ನಾನೇ ಸುತ್ತ ನೋಡುತ್ತ ಹೋದೆ. ಹೊಲಗಳ ಅಂಚಿನಲ್ಲಿ ಅಲ್ಲಲ್ಲಿ ಹೊಸದಾಗಿ ಮುಚ್ಚಿದ ದುಂಡು ಗುಂಡಿಗಳ ಗುರುತು ಕಾಣುತ್ತಿತ್ತು. ಬೆಳೆದ ದೇವಕಣಗಿಲೆ ಒಂದೂ ಉಳಿದಿರಲಿಲ್ಲ. ಇವರೊಬ್ಬರ ಮನೆಯ ಕಥೆಯಲ್ಲ ಇದು ಎಂದು ಆಗ ತಿಳಿಯಿತು. ತಿಳಿದು ಸಿಟ್ಟೇನೂ ಕಡಿಮೆಯಾಗಲಿಲ್ಲ.

ನಾವು ಬರುವುದನ್ನು ಕಂಡ ಕೂಡಲೇ ಬೋರಮ್ಮ ಒಳಗೆ ಹೋದಳು. ನೀರು ತಂದಿಟ್ಟಳು. ಮಾಯಮ್ಮ ಮುಟ್ಟಲಿಲ್ಲ. ಚಿಕ್ಕರಾಜು ಕುರಿದೊಡ್ಡಿಯಿಂದ ಕೈ ಒರೆಸಿಕೊಳ್ಳುತ್ತ ಬಂದವನು ನನ್ನನ್ನೂ ಅಕ್ಕನನ್ನೂ ನೋಡಿ ಅಲ್ಲೇ ನಿಂತ. "ಬಾ" ಅಂದಳು ಮಾಯಮ್ಮ. ಅವನು ಹಿಂದೆ ಬಂದ.

ಹೊಲದ ಅಂಚು ಮಟ್ಟವಾಗಿತ್ತು. ಗಿಡವಿದ್ದ ಜಾಗದಲ್ಲಿ ಸೀಮೆಹುಲ್ಲು ಹಾಕಿದ್ದ, ಮಂಡಿಯುದ್ದ ಬೆಳೆದಿತ್ತು. ಮಾಯಮ್ಮ ಅದರ ಮುಂದೆ ನಿಂತಳು.

"ನೋಡ್ದೆ ಕಣ್ಲಾ" ಅಂದಳು. "ನಾ ನಡಿಯೋ ದಾರೀಲೇ ಐತೆ. ಹೂ ಬುಟ್ಟೈತೆ."

ಚಿಕ್ಕರಾಜು ಮಾತು ಶುರುಮಾಡಿದ. ಲಾರಿ ಊರಿಗೇ ಬಂದು ನಿಂತಿತ್ತಂತೆ. ಎಲ್ಲರೂ ಕೊಟ್ಟರಂತೆ. "ನಾನೊಬ್ಬ ಕೊಡ್ದೆ ಇದ್ರೆ ಏನ್ ಮಾಡಾಕಾಯ್ತದಕ್ಕ? ಕಡಿಯಾಕಿಲ್ಲ, ಸಾಯಿಸಾಕಿಲ್ಲ, ಒಳ್ಳೆ ಕಡೆ ನೆಡ್ತೀವಿ ಅಂದ್ರು. ಇಲ್ಲಿ ಬಿಸ್ಲಲ್ಲಿ ಇರೋದು, ಅಲ್ಲಿ ದಿನಾ ನೀರ್ ಕಾಣ್ತದೆ ಅನ್ಕಂಡೆ. ಎಲ್ಲಿಡ್ತಾರೆ ಅಂತ ನೋಡ್ಕಬರೋಣ ಅಂತ ಲಾರೀಲಿ ಹೋದೆ. ನಿನ್ನ ಮನೆ ಹತ್ರಾನೇ ಅಂತ ಅಲ್ಲಿಗೋದ್ಮೇಲೆ ಗೊತ್ತಾಗಿದ್ದು. ಹೇಳ್ಬೇಕು ಅಂತ್ಲೇ ಬಂದೆ ಕಣಕ್ಕ. ಬಾಕ್ಲಲ್ಲಿ ನಿಂತಾಗ ಬಾಯಿಂದ ಬೇರೇನೇ ಬಂದ್ಬುಡ್ತು."

"ಅವತ್ತು ಬಂತು. ಸರಿ" ಅಂದಳು ಮಾಯಮ್ಮ. "ಆಮ್ಯಾಕೆ ಹನ್ನೊಂದು ದಿನ ಇತ್ತಲ್ಲ. ಎಲೆ ಮುಂದೆ ಕೂತ್ಕಂಡ್ಯಲ್ಲ. ಅದೆಂಗ್ ಇಳೀತ್ಲಾ ಗಂಟ್ಲಲ್ಲಿ?"

ನನಗೆ ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಅದೇ ಹೊತ್ತಿಗೆ ಅವನ ಮುಖ ನೋಡಲೂ ಆಗುತ್ತಿರಲಿಲ್ಲ, ಅಷ್ಟು ಸಣ್ಣದಾಗಿಹೋಗಿದ್ದ. ಗಿಡಕ್ಕೆ ಎಷ್ಟು ದುಡ್ಡು ಬಂತು ಎಂದು ಅವಳು ಕೇಳಲಿಲ್ಲ. ಕೇಳು ಎಂದು ನಾನು ಕಣ್ಣಲ್ಲೇ ಹೇಳಿದೆ, ನನ್ನ ಕಡೆ ನೋಡಲಿಲ್ಲ.

"ಒಂದೇ ಮಾತು ಕೇಳ್ತೀನಿ" ಅಂದಳು. "ಸುಳ್ಳೇಳ್ಬೇಡ. ತೋಡೋವಾಗ ಏನಾರ ಸಿಕ್ತಾ?"

ಚಿಕ್ಕರಾಜು ಸೀಮೆಹುಲ್ಲಿನ ಗರಿಯೊಂದನ್ನು ಎಳೆದು ಬೆರಳಿಗೆ ಸುತ್ತಿಕೊಂಡ.

"ಹೇಳ್ಲಾ."

"ಬಳೆ ಚೂರು ಸಿಕ್ವು" ಅಂದ. "ಹಸ್ರುವು. ಬೇರಲ್ಲಿ ಸಿಕ್ಕಾಕ್ಕಂಡಿದ್ವು. ಇನ್ನೊಂದಿಷ್ಟು... ಅದೂ ಬೇರಲ್ಲೇ ಇತ್ತು. ಮಿಷಿನ್ ನಿಲ್ಸಿ ಅಂದೆ. ಬೇರಿನ ಮಣ್ಣು ಉದುರಿದ್ರೆ ಗಿಡ ಉಳಿಯಾಕಿಲ್ಲ ಅಂದ್ರು. ಮಣ್ಣು ಸಮೇತ ತಾಟು ಸುತ್ತಿ ಎತ್ತುಬುಟ್ರು."

"ಅಂದ್ರೆ ಅವ್ವನೂ ಲಾರೀಲಿ ಹೋದ್ಳು."

ಅವನು ಹೌದೆಂದು ತಲೆಯಾಡಿಸಿದ. ನಾನು ಮಾಯಮ್ಮನನ್ನು ಹಿಡಿದು ಬದುವಿನ ಮೇಲೆ ಕೂರಿಸಿದೆ. ಅವಳು ಅತ್ತಳು, ಜೋರಾಗಿ, ಯಾರ ಮುಲಾಜೂ ಇಲ್ಲದೆ. ಅವಳು ಹಾಗೆ ಅತ್ತದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ತಾನು ಹೊತ್ತು ಸಾಕಿದ ಕೈಕೂಸು ತನ್ನ ತಾಯಿಯನ್ನು ಅಗೆದು ಕಳಿಸಿ, ಆ ಮಣ್ಣಿನ ಕಾಲಲ್ಲೇ ಬಂದು ತನ್ನ ಬಾಗಿಲಲ್ಲಿ ನಿಂತಿತ್ತು ಎಂಬುದು ಅವಳಿಗೆ ಆಗ ಪೂರ್ತಿ ಮುಟ್ಟಿತು. ನಾನು ಅವಳ ಬೆನ್ನು ನೇವರಿಸುತ್ತ ಕೂತೆ.

ಅಳು ನಿಂತ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಳು. ಚಿಕ್ಕರಾಜು ಬಂದು ಅವಳ ಕಾಲ ಬಳಿ ಕೂತ. "ತಪ್ಪಾಯ್ತು ಕಣಕ್ಕ" ಎಂದು ಪಾದ ಹಿಡಿದುಕೊಂಡ. ಅವಳು ಕಾಲು ಎಳೆದುಕೊಳ್ಳಲಿಲ್ಲ. ಅಭ್ಯಾಸಬಲದಿಂದ ಎನ್ನುವ ಹಾಗೆ ಅವನ ತಲೆಯ ಮೇಲೆ ಕೈಯಿಟ್ಟಳು, ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಇನ್ನೇನು ಕ್ಷಮಿಸಿಬಿಟ್ಟಳು ಎಂದುಕೊಂಡೆ. ನನಗೆ ಅವಳ ಮೇಲೂ ಸಿಟ್ಟು ಬಂತು.

"ಚಿಕ್ಕರಾಜ" ಅಂದಳು ಮಾಯಮ್ಮ. "ನಂಗೆ ಗಂಡಿಲ್ಲ, ಮಕ್ಳಿಲ್ಲ. ನಾ ಹೋದ ದಿನ ಮಾಡ್ಬೇಕಾದೋನು ನೀನೇ."

"ಮಾಡ್ತೀನಕ್ಕ. ನಾನಲ್ದೆ ಇನ್ಯಾರು?"

"ಊರಿಗೆ ತರ್ಬೇಡ. ಈ ಹೊಲಕ್ಕೆ ಹಾಕ್ಬೇಡ. ಸುಟ್ಬುಡು."

ಅವನು ತಲೆಯೆತ್ತಿ ಅವಳನ್ನು ನೋಡಿದ. "ನಮ್ಮೋರಲ್ಲಿ ಸುಡಾಕಿಲ್ವಲ್ಲಕ್ಕ" ಅಂದ.

"ಗೊತ್ತು" ಅಂದಳು ಮಾಯಮ್ಮ, ಅವನ ತಲೆಯಿಂದ ಕೈ ತೆಗೆದು.